ಟೋನಿ ಕೊಲೆಟ್ ನೋಡಲು ನೆಟ್‌ಫ್ಲಿಕ್ಸ್ ಒಂದೇ ಸಾಕೇ? ಮುಂಬೈ ಮನೆಗೊಂದು ಲೆಕ್ಕ

ತೀರ್ಪನ್ನು ಮೊದಲೇ ಹೇಳಿಬಿಡೋಣ. ಆಸ್ಟ್ರೇಲಿಯಾದ ನಟಿ ಟೋನಿ ಕೊಲೆಟ್ ಅವರ ಅಭಿನಯ ನೋಡಲೆಂದೇ ನೆಟ್‌ಫ್ಲಿಕ್ಸ್ ಹಾಕಿಸಿಕೊಳ್ಳುವುದಾದರೆ 499 ರೂಪಾಯಿಯ ಸ್ಟ್ಯಾಂಡರ್ಡ್ ಪ್ಲಾನ್ ಒಂದು ತಿಂಗಳಿಗೆ ತೆಗೆದುಕೊಳ್ಳಿ, ಹಣ ವಸೂಲಾಗುತ್ತದೆ. ಎರಡನೇ ತಿಂಗಳು ಬೇಡ. ಅಲ್ಲಿ ಖಾಯಂ ಆಗಿ ಸಿಗುವುದು ಕಳೆದ ಕೆಲವೇ ವರ್ಷಗಳ ಕೊಲೆಟ್. ಅದಕ್ಕೆ ಹಿಂದಿನ ಕಾಲು ಶತಮಾನದ ಕೆಲಸ, ಮುಖ್ಯವಾಗಿ ತಾಯ್ನಾಡಿನಲ್ಲಿ ಮಾಡಿದ ಸಿನಿಮಾಗಳು, ಬೇರೆ ಕಡೆಯಿಂದಲೇ ತರಬೇಕು. ಆ ಅರ್ಧವನ್ನು ಬಿಟ್ಟು ಬರೀ ನೆಟ್‌ಫ್ಲಿಕ್ಸ್ ನೋಡಿದವರಿಗೆ ಆಕೆ ಕ್ರೈಂ ಥ್ರಿಲ್ಲರ್‌ಗಳ ಗಂಭೀರ ಮುಖದ ಹೆಂಗಸು ಅನ್ನಿಸುತ್ತದೆ. ಅಸಲಿಗೆ ಆಕೆ ಬೆಳಕಿಗೆ ಬಂದಿದ್ದು ನಗಿಸುತ್ತಾ.

ಹಿನ್ನೆಲೆ ಚುಟುಕಾಗಿ. ಹುಟ್ಟಿದ್ದು 1972ರಲ್ಲಿ, ಸಿಡ್ನಿಯಲ್ಲಿ. ಅಲ್ಲಿಯ ಹೆಸರಾಂತ ನಾಟಕ ಶಾಲೆ ನೀಡಾಕ್ಕೆ ಸೇರಿ ಅರ್ಧಕ್ಕೇ ಬಿಟ್ಟರು. 1992ರಲ್ಲಿ ಆಂಥನಿ ಹಾಪ್‌ಕಿನ್ಸ್ ಇದ್ದ 'ಸ್ಪಾಟ್ಸ್‌ವುಡ್' ಮೊದಲ ಸಿನಿಮಾ. 1994ರ 'ಮ್ಯೂರಿಯಲ್ಸ್ ವೆಡ್ಡಿಂಗ್' ದಾರಿ ತೆರೆಯಿತು. ಆಸ್ಟ್ರೇಲಿಯಾದ ಸಿನಿಮಾ ಪ್ರಶಸ್ತಿಯಾದ ಎಎಫ್‌ಐ ಐದು ಸಲ ಬಂದಿದೆ. 'ದಿ ಸಿಕ್ಸ್ತ್ ಸೆನ್ಸ್'ಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು, ಪ್ರಶಸ್ತಿ ಏಂಜಲೀನಾ ಜೋಲಿ ಪಾಲಾಯಿತು. 'ಯುನೈಟೆಡ್ ಸ್ಟೇಟ್ಸ್ ಆಫ್ ಟಾರಾ' ಟಿವಿ ಸರಣಿ 2009ರಲ್ಲಿ ಎಮ್ಮಿಯನ್ನೂ 2010ರಲ್ಲಿ ಗೋಲ್ಡನ್ ಗ್ಲೋಬನ್ನೂ ತಂದುಕೊಟ್ಟಿತು. ನಮ್ಮವರಿಗೆ ಬೇಗ ಅರ್ಥವಾಗುವಂತೆ ಹೇಳಬೇಕೆಂದರೆ ಉಮಾಶ್ರೀ ಅವರನ್ನು ನೆನೆಯಿರಿ. ತೆರೆಯ ಮೇಲೆ ಹಾಸ್ಯಕ್ಕೆ ಕರೆಯುತ್ತಿದ್ದ ಅದೇ ಮೈ, ಅದೇ ದನಿ 'ಗುಲಾಬಿ ಟಾಕೀಸ್'ನಲ್ಲಿ ಏನಾಯಿತು ನೋಡಿ. ಅಂಥ ಜಾತಿಯ ನಟಿ ಕೊಲೆಟ್.

ಈಗ ಪ್ಲಾನ್ ವಿಷಯ. 149 ರೂಪಾಯಿಯ ಮೊಬೈಲ್ ಪ್ಲಾನ್ 480ಪಿ ಚಿತ್ರ ಕೊಡುತ್ತದೆ (ಈ ಅಂಕಿ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ), ಫೋನ್ ಅಥವಾ ಟ್ಯಾಬ್ಲೆಟ್‌ನಲ್ಲಿ ಮಾತ್ರ. ಟಿವಿಗೆ ಹೋಗುವುದಿಲ್ಲ. 199ರ ಬೇಸಿಕ್ ಟಿವಿಗೂ ಹೋಗುತ್ತದೆ, ಆದರೆ 720ಪಿ, ಒಂದು ಸಲಕ್ಕೆ ಒಂದೇ ಪರದೆ. 499ಕ್ಕೆ 1080ಪಿ, ಎರಡು ಪರದೆ. 649ರ ಪ್ರೀಮಿಯಂಗೆ ಇನ್ನೂ ಸ್ಪಷ್ಟವಾದ 4ಕೆ, ಬೆಳಕು-ಕತ್ತಲೆಯ ವಿವರ ಹೆಚ್ಚಿಸುವ ಎಚ್‌ಡಿಆರ್, ನಾಲ್ಕು ಪರದೆ. ಕೊಲೆಟ್ ಅಭಿನಯದಲ್ಲಿ ಅರ್ಧ ಕೆಲಸ ದವಡೆ, ಕತ್ತು ಮತ್ತು ಕಣ್ಣಿನ ಕೆಳರೆಪ್ಪೆಯಲ್ಲಿ ನಡೆಯುತ್ತದೆ. ಬೇರೆಯವರು ಮಾತಾಡುವಾಗ ಈ ಮುಖದಲ್ಲಿ ಏನು ಓಡುತ್ತಿದೆ ಎಂಬುದೇ ನೋಡಬೇಕಾದ ಸಂಗತಿ. 480ಪಿಯಲ್ಲಿ ಕ್ಲೋಸಪ್ ಹೇಗೋ ನಿಭಾಯಿಸುತ್ತದೆ, ಮಧ್ಯಮ ಶಾಟ್‌ಗೆ ಬಂದ ಕೂಡಲೇ ಮುಖ ನುಣ್ಣಗಾಗಿಬಿಡುತ್ತದೆ. ಹಾಗಾಗಿ ಮೊಬೈಲ್ ಪ್ಲಾನ್ ಈ ಕೆಲಸಕ್ಕೆ ಉಳಿತಾಯವಲ್ಲ. ಪ್ರೀಮಿಯಂ ಬೇಕಾಗುವುದು 55 ಇಂಚು ಅಥವಾ ಹೆಚ್ಚಿನ 4ಕೆ ಟಿವಿ ಇದ್ದು, ಹತ್ತಿರ ಕೂತು ನೋಡುವವರಿಗೆ ಮಾತ್ರ. ಡೊಂಬಿವಲಿಯ ಒಂದು ಬೆಡ್‌ರೂಮ್ ಮನೆಯಲ್ಲಿ 43 ಇಂಚಿನ ಟಿವಿಗೆ 1080ಪಿ ಧಾರಾಳವಾಯಿತು.

ಆಂಡ್ರಾಯ್ಡ್ ಫೋನಿನವರಿಗೆ ಒಂದು ಎಚ್ಚರಿಕೆ. ಪ್ಲಾನ್ ಯಾವುದೇ ಇರಲಿ, ಫೋನಿನಲ್ಲಿ ವೈಡ್‌ವೈನ್ ಎಂಬ ನಕಲು ತಡೆ ವ್ಯವಸ್ಥೆಯ ಎಲ್1 ಪ್ರಮಾಣೀಕರಣ ಇಲ್ಲದಿದ್ದರೆ ಎಚ್‌ಡಿ ಬರುವುದಿಲ್ಲ. ಅದರ ಕೆಳದರ್ಜೆಯಾದ ಎಲ್3 ಇದ್ದರೆ 499 ಕೊಟ್ಟರೂ 480ಪಿಗೇ ನಿಲ್ಲುತ್ತದೆ. ಆ್ಯಪ್ ಸೆಟ್ಟಿಂಗ್ಸ್ ಒಳಗೆ ಪ್ಲೇಬ್ಯಾಕ್ ಸ್ಪೆಸಿಫಿಕೇಶನ್ ಎಂಬಲ್ಲಿ ಇದನ್ನು ನೋಡಬಹುದು. ಹಣ ಕಟ್ಟುವ ಮೊದಲಲ್ಲ, ಲಾಗಿನ್ ಆದ ಮೇಲಷ್ಟೇ ಗೊತ್ತಾಗುವುದು ಇದರ ಕಿರಿಕಿರಿ. ಅದಕ್ಕೇ ಮೊದಲು ಕಡಿಮೆ ಪ್ಲಾನ್ ಹಾಕಿ, ಫೋನ್ ಪರೀಕ್ಷಿಸಿ, ಆಮೇಲೆ ಏರಿಸಿಕೊಳ್ಳುವುದು ಜಾಣತನ.

ಇಡೀ ಸೇವೆಯಲ್ಲಿ ಕೊಲೆಟ್ ಅವರ ಅತ್ಯುತ್ತಮ ಕೆಲಸ 2019ರ 'ಅನ್‌ಬಿಲೀವಬಲ್'. ಎಂಟು ಕಂತು. ವಾಷಿಂಗ್ಟನ್ ರಾಜ್ಯದ ಲಿನ್‌ವುಡ್‌ನಲ್ಲಿ 2008ರಲ್ಲಿ ಒಬ್ಬ ಹುಡುಗಿ ಅತ್ಯಾಚಾರದ ದೂರು ಕೊಟ್ಟು, ಪೊಲೀಸರ ಒತ್ತಡಕ್ಕೆ ಅದನ್ನು ಹಿಂತೆಗೆದುಕೊಂಡು, ಸುಳ್ಳು ದೂರಿನ ಆರೋಪಿಯಾದ ನಿಜ ಘಟನೆ ಇದರ ಬೇರು. ಪ್ರೊಪಬ್ಲಿಕಾ ಮತ್ತು ಮಾರ್ಷಲ್ ಪ್ರಾಜೆಕ್ಟ್ ಎಂಬ ಸುದ್ದಿ ಸಂಸ್ಥೆಗಳು ಸೇರಿ ಪ್ರಕಟಿಸಿದ, ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಪಡೆದ ವರದಿಯನ್ನು ಆಧರಿಸಿದೆ. ಮೊದಲ ಕಂತಿನಲ್ಲಿ ಕೊಲೆಟ್ ಇಲ್ಲವೇ ಇಲ್ಲ. ಹಲವರು ಅಲ್ಲೇ ಬಿಟ್ಟುಬಿಡುತ್ತಾರೆ, ತಪ್ಪು ಸರಣಿ ಹಾಕಿದೆವೇನೋ ಎಂದುಕೊಂಡು. ಬಿಡಬೇಡಿ. ಆ ಕಂತಿನ ಒಂದೂ ದೃಶ್ಯ ಹಾರಿಸಬೇಡಿ. ದೂರು ಕೊಟ್ಟ ಹುಡುಗಿಯಾದ, ಕೇಟ್ಲಿನ್ ಡೀವರ್ ಆಡುವ ಮರೀಯನ್ನು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿ ಸುಸ್ತು ಮಾಡುವುದನ್ನು ನೋಡಿದ್ದರೆ ಮಾತ್ರ, ಆಮೇಲೆ ಕೊಲರಾಡೊ ರಾಜ್ಯದಲ್ಲಿ ಇಂಥದೇ ಪ್ರಕರಣಗಳ ಬೆನ್ನುಹತ್ತಿದ ಇಬ್ಬರು ಹೆಣ್ಣು ಪತ್ತೇದಾರರು ಸಂತ್ರಸ್ತೆಯರ ಮುಂದೆ ಹೇಗೆ ಕೂರುತ್ತಾರೆ, ಎಷ್ಟು ದೂರ ಕೂರುತ್ತಾರೆ, ಎಲ್ಲಿ ಮೌನವಾಗಿರುತ್ತಾರೆ ಎಂಬುದರ ಬೆಲೆ ತಿಳಿಯುತ್ತದೆ.

ಕೊಲೆಟ್ ಇಲ್ಲಿ ಗ್ರೇಸ್ ರಾಸ್ಮುಸೆನ್. ವಯಸ್ಸಾದ, ಬೈಗುಳ ಬಾಯಲ್ಲೇ ಇರುವ, ಯಾರನ್ನೂ ಲೆಕ್ಕಿಸದ ಪೊಲೀಸ್ ಅಧಿಕಾರಿ. ಜೊತೆಗೆ ಮೆರಿಟ್ ವೀವರ್ ಆಡುವ ಕ್ಯಾರನ್ ಡುವಾಲ್, ದೇವರನ್ನು ನಂಬುವ ಮೆಲುದನಿಯವಳು. ಸಾಮಾನ್ಯ ಪೊಲೀಸ್ ಕಥೆಯಲ್ಲಿ ಇಂಥ ಜೋಡಿ ಮೊದಲು ಕಿತ್ತಾಡಿ ಆಮೇಲೆ ಗೆಳೆತನ ಮಾಡಿಕೊಳ್ಳುತ್ತದೆ. ಇಲ್ಲಿ ಹಾಗಾಗದಂತೆ ತಡೆದಿರುವುದು ಕೊಲೆಟ್ ಅವರ ಅಳತೆ. ಗ್ರೇಸ್ ಒರಟಾಗಿ ಮಾತಾಡುತ್ತಾಳೆ, ಆದರೆ ಮಾತಿಗೆ ಮೊದಲು ಅರ್ಧ ಕ್ಷಣ ನಿಂತು ಎದುರಿನವಳನ್ನು ತೂಗುತ್ತಾಳೆ. ಆ ಅರ್ಧ ಕ್ಷಣ ಹಿಡಿಯಬೇಕೆಂದರೆ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಬಾರದು. ಫೋನಿನಲ್ಲೂ ಬ್ರೌಸರ್‌ನಲ್ಲೂ ವೇಗ 0.5ರಿಂದ 1.5ರವರೆಗೆ ಬದಲಿಸುವ ಸೌಲಭ್ಯವಿದೆ, ಹಿಂದೆ ಯಾರಾದರೂ ಬದಲಿಸಿಟ್ಟಿದ್ದರೆ 1ಕ್ಕೆ ತನ್ನಿ. ಮೊದಲ ಮೂರು ಕಂತು ಲೀಸಾ ಚೊಲೊಡೆಂಕೊ ನಿರ್ದೇಶನದವು, ಅವುಗಳ ನಿಧಾನ ಬೇಕೆಂದೇ ಇಟ್ಟದ್ದು. ಮಕ್ಕಳಿರುವ ಮನೆಯಲ್ಲಿ ಇದು ಹಾಲ್‌ನ ಟಿವಿಗೆ ಹೇಳಿಮಾಡಿಸಿದ್ದಲ್ಲ. ಪ್ರೊಫೈಲ್‌ಗೆ ನಾಲ್ಕಂಕಿಯ ಪಿನ್ ಹಾಕಿ, ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ.

ಎರಡನೆಯದು 2020ರ 'ಐ ಆಮ್ ಥಿಂಕಿಂಗ್ ಆಫ್ ಎಂಡಿಂಗ್ ಥಿಂಗ್ಸ್'. ಚಾರ್ಲಿ ಕಾಫ್‌ಮನ್ ನಿರ್ದೇಶನ. ಇದನ್ನು ಹಾಕಿದ ಕೂಡಲೇ ಟಿವಿಯ ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಕೆಟ್ಟಿದೆ ಎಂದು ರಿಮೋಟ್‌ನಲ್ಲಿ ಜೂಮ್ ಒತ್ತಬೇಡಿ. ಚಿತ್ರೀಕರಿಸಿದ್ದೇ ಹಳೆಯ ಟಿವಿಯ 4:3 ಅಳತೆಯಲ್ಲಿ. ಜೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ, ಊಟದ ಮೇಜಿನ ದೃಶ್ಯದಲ್ಲಿ ಕೊಲೆಟ್ ಅವರ ಕೈಗಳೇ ಕಾಣದಂತಾಗುತ್ತವೆ. ಆ ಕೈಗಳನ್ನೇ ನೋಡಬೇಕು. ಮಗ ಕರೆದುಕೊಂಡು ಬಂದ ಹುಡುಗಿಯ ಮುಂದೆ ಅತಿಯಾಗಿ ನಗುವ ತಾಯಿ ಆಕೆ. ದೃಶ್ಯದಿಂದ ದೃಶ್ಯಕ್ಕೆ ಆಕೆಯ ವಯಸ್ಸು ಹಿಂದೆ ಮುಂದೆ ಜಿಗಿಯುತ್ತದೆ, ವಿವರಣೆಯೇ ಇಲ್ಲದೆ. ಮೇಕಪ್ ಒಂದಷ್ಟು ಕೆಲಸ ಮಾಡುತ್ತದೆ. ಉಳಿದದ್ದು ನಗುವಿನ ಉದ್ದದಲ್ಲಿದೆ: ಎಳೆಯ ವಯಸ್ಸಿನಲ್ಲಿ ಥಟ್ಟನೆ ನಿಲ್ಲುವ ನಗು, ಮುಪ್ಪಿನಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಮರೆತ ನಗು. ಸಿನಿಮಾ ಎಲ್ಲರಿಗೂ ಹಿಡಿಸುವಂಥದ್ದಲ್ಲ, ಎರಡು ಗಂಟೆ ಮೀರಿ ಹೋಗುತ್ತದೆ, ಕಾರಿನೊಳಗಿನ ಮಾತೇ ಬಹಳ. ಸಾಕೆನಿಸಿದವರು ತೋಟದ ಮನೆಯ ಭಾಗ ಮುಗಿಯುವವರೆಗಾದರೂ ತಾಳಿ, ಕೊಲೆಟ್ ಹೆಚ್ಚಾಗಿ ಇರುವುದು ಅಲ್ಲೇ.

2025ರ 'ವೇವರ್ಡ್' ಮೂರನೇ ಸ್ಥಾನಕ್ಕೆ. ಎಂಟು ಕಂತು, ದಾರಿ ತಪ್ಪಿದ ಹದಿಹರೆಯದವರನ್ನು 'ಸರಿಪಡಿಸುವ' ಶಾಲೆಯ ಮುಖ್ಯಸ್ಥೆ ಎವೆಲಿನ್ ವೇಡ್ ಪಾತ್ರ. ಇಲ್ಲಿ ಆಕೆ ದನಿಯನ್ನೇ ಎತ್ತುವುದಿಲ್ಲ, ಬೆದರಿಕೆ ಎಲ್ಲ ಮಮತೆಯ ರೂಪದಲ್ಲಿ ಬರುತ್ತದೆ. ಕಥೆ ಕೊನೆಯ ಎರಡು ಕಂತಿನಲ್ಲಿ ಸಡಿಲಾದರೂ ಎವೆಲಿನ್ ಸಡಿಲಾಗುವುದಿಲ್ಲ. 2022ರ 'ಪೀಸಸ್ ಆಫ್ ಹರ್' ಕೆರಿನ್ ಸ್ಲಾಟರ್ ಕಾದಂಬರಿಯ ಸರಣಿ, ಅಮೆರಿಕದ ಜಾರ್ಜಿಯಾದ ಕಥೆಯನ್ನು ಆಸ್ಟ್ರೇಲಿಯಾದಲ್ಲಿ ಚಿತ್ರೀಕರಿಸಿದ್ದು. ಮಗಳಾಗಿರುವ ಬೆಲ್ಲಾ ಹೀತ್‌ಕೋಟ್ ಕೂಡ ಆಸ್ಟ್ರೇಲಿಯಾದವರೇ. ಮೊದಲ ಕಂತಿನ ಹೋಟೆಲ್ ದೃಶ್ಯ ನೋಡಿ ಬಿಟ್ಟರೂ ನಷ್ಟವಿಲ್ಲ, ಆಮೇಲೆ ಫ್ಲ್ಯಾಶ್‌ಬ್ಯಾಕ್ ಹೆಚ್ಚಾಗಿ ಬೇರೆ ನಟಿಯ ಕೈಗೆ ಹೋಗುತ್ತದೆ. 'ವೆಲ್ವೆಟ್ ಬಜ್‌ಸಾ' ಕಾಲಹರಣ. ಕೇಟ್ ವಿನ್ಸ್‌ಲೆಟ್ ಮೊದಲ ಸಲ ನಿರ್ದೇಶಿಸಿದ 'ಗುಡ್‌ಬೈ ಜೂನ್' 2025ರ ಡಿಸೆಂಬರಿನದು, ಸಾಯುತ್ತಿರುವ ತಾಯಿಯ ಸುತ್ತ ಸೇರಿದ ಮಕ್ಕಳಲ್ಲಿ ಕೊಲೆಟ್ ಒಬ್ಬರು. ಕಣ್ಣೀರು ಸ್ವಲ್ಪ ಅಗ್ಗವಾದರೂ ಒಂದು ಸಂಜೆಗೆ ಅಡ್ಡಿಯಿಲ್ಲ.

ಹುಡುಕುವಾಗ ಆಗುವ ಎಡವಟ್ಟು ಒಂದಿದೆ. 'ದಿ ಸ್ಟೇರ್‌ಕೇಸ್' ಎಂದು ಟೈಪ್ ಮಾಡಿದರೆ ನೆಟ್‌ಫ್ಲಿಕ್ಸ್‌ನಲ್ಲಿ ಬರುವುದು ಫ್ರೆಂಚ್ ನಿರ್ದೇಶಕ ಜಾನ್-ಝೇವಿಯರ್ ದ ಲೆಸ್ಟ್ರಾಡ್ ಅವರ 13 ಕಂತಿನ ಸಾಕ್ಷ್ಯಚಿತ್ರ, ಮನೆಯ ಮೆಟ್ಟಿಲ ಮೇಲೆ ಸತ್ತ ಕ್ಯಾಥ್ಲೀನ್ ಪೀಟರ್ಸನ್ ಎಂಬ ಹೆಂಗಸಿನ ಪ್ರಕರಣದ್ದು. ಕೊಲೆಟ್ ಇರುವುದು ಅದೇ ಪ್ರಕರಣ ಕುರಿತು 2022ರಲ್ಲಿ ಎಚ್‌ಬಿಒ ಮ್ಯಾಕ್ಸ್ ಮಾಡಿದ ಎಂಟು ಕಂತಿನ ನಾಟಕ ರೂಪದಲ್ಲಿ, ಕಾಲಿನ್ ಫರ್ತ್ ಜೊತೆ. ಎರಡೂ ಬೇರೆ. ಆದರೆ ಎರಡನ್ನೂ ಜೋಡಿಸಿ ನೋಡಿದರೆ ಸ್ವಾರಸ್ಯ ಹೆಚ್ಚು. ಸಾಕ್ಷ್ಯಚಿತ್ರದಲ್ಲಿ ಕ್ಯಾಥ್ಲೀನ್ ಪೀಟರ್ಸನ್ ಫೋಟೊಗಳಲ್ಲಷ್ಟೇ ಇರುವ ಸತ್ತ ಹೆಂಗಸು. ಕೊಲೆಟ್ ಆ ಹೆಂಗಸಿಗೆ ಕಚೇರಿ, ಸಿಟ್ಟು, ಆಯಾಸ, ನಗು ಎಲ್ಲ ಕೊಡುತ್ತಾರೆ. ಮೆಟ್ಟಿಲ ಮೇಲಿನ ಸಾವನ್ನು ಬೇರೆಬೇರೆ ಊಹೆಯಂತೆ ಬೇರೆಬೇರೆ ಕಂತಿನಲ್ಲಿ ತೋರಿಸುತ್ತಾರೆ, ಪ್ರತಿ ಸಲವೂ ಆಕೆಯ ಮೈ ಬೇರೆ ಥರ ಹೋರಾಡುತ್ತದೆ. ನೋಡಲು ಗಟ್ಟಿ ಗುಂಡಿಗೆ ಬೇಕು.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ಮೊದಲು ಮಾಡಬೇಕಾದ ಕೆಲಸ ಆಟೊಪ್ಲೇ ನಿಲ್ಲಿಸುವುದು. ಕಂತು ಮುಗಿದು ಹೆಸರುಗಳು ಬರುವ ಹೊತ್ತಿಗೇ ಮುಂದಿನದು ಶುರುವಾದರೆ ಕೊನೆಯ ಶಾಟ್ ತಲೆಯಲ್ಲಿ ಕೂರುವುದೇ ಇಲ್ಲ. ಬ್ರೌಸರ್‌ನಲ್ಲಿ ಲಾಗಿನ್ ಆಗಿ ಆಯಾ ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಟಿಕ್ ತೆಗೆಯಿರಿ, ಎಲ್ಲ ಸಾಧನಗಳಿಗೂ ಅನ್ವಯವಾಗುತ್ತದೆ. ಟಿವಿಯ ಚಿತ್ರ ಮೆನುವಿನಲ್ಲಿ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರಿಟ್ಟಿರುತ್ತಾರೆ, ಕೆಲಸ ಒಂದೇ: ಸೆಕೆಂಡಿಗೆ 24 ಚಿತ್ರಗಳ ನಡುವೆ ಇಲ್ಲದ ಚಿತ್ರಗಳನ್ನು ಹುಟ್ಟಿಸಿ ಸೇರಿಸುವುದು. ಇದರಿಂದ ಮುಖದ ಸಣ್ಣ ಚಲನೆಗಳು ಮೇಣದಂತೆ ಜಾರುತ್ತವೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿಬಿಡಿ, ಬೇರೇನೂ ಮುಟ್ಟುವುದು ಬೇಡ.

ಶಬ್ದದಲ್ಲಿ ಹೆಚ್ಚಿನ ಮನೆಗಳು ಸೋಲುತ್ತವೆ. ಆಡಿಯೊ ಮೆನುವಿನಲ್ಲಿ ಇಂಗ್ಲಿಷ್ 5.1 (ಆರು ಸ್ಪೀಕರ್‌ಗಳಿಗೆ ಹಂಚಿದ ಶಬ್ದ) ಎಂದಿದ್ದು, ಮನೆಯಲ್ಲಿರುವುದು ಟಿವಿಯ ಎರಡೇ ಸ್ಪೀಕರ್ ಆದರೆ, ನಡುವಿನ ಚಾನೆಲ್‌ನಲ್ಲಿ ಕೂತಿರುವ ಮಾತು ಇಳಿದು ಸಂಗೀತ ಏರುತ್ತದೆ. ಬರೀ ಇಂಗ್ಲಿಷ್ ಎಂಬ ಸ್ಟೀರಿಯೊ ಆಯ್ಕೆ ಇದ್ದರೆ ಅದನ್ನು ಒತ್ತಿ. ಫ್ಯಾನ್ ಸದ್ದು, ಕೆಳಗೆ ರಿಕ್ಷಾ, ಪಕ್ಕದ ಮನೆಯ ಮರಾಠಿ ಧಾರಾವಾಹಿ, ಇವೆಲ್ಲದರ ನಡುವೆ ಕೊಲೆಟ್ ಅವರ ಗೊಣಗು ಕೇಳಬೇಕೆಂದರೆ ಹೆಡ್‌ಫೋನ್ ಮೇಲು. ಸಬ್‌ಟೈಟಲ್‌ಗೆ, ಮಾತಿನ ಜೊತೆ ಸದ್ದುಗಳನ್ನೂ ಬರೆದು ತೋರಿಸುವ ಇಂಗ್ಲಿಷ್ ಸಿಸಿ ಹಾಕಿಕೊಳ್ಳಿ. ವಯಸ್ಸಾದವರಿಗೆ ಅಕ್ಷರದ ಗಾತ್ರ ಮತ್ತು ಹಿನ್ನೆಲೆಯನ್ನು ಅಕೌಂಟ್ ಪುಟದಲ್ಲೇ ಬದಲಿಸಿ ಕೊಡಬಹುದು. ಅಮೆರಿಕನ್ ಉಚ್ಚಾರದ ಸರಣಿಗಳಲ್ಲಿ ಸಬ್‌ಟೈಟಲ್ ಇಲ್ಲದೆಯೂ ನಡೆಯುತ್ತದೆ. ಆಸ್ಟ್ರೇಲಿಯನ್ ಸಿನಿಮಾಗಳಲ್ಲಿ ನಡೆಯುವುದಿಲ್ಲ.

ಇಂಟರ್‌ನೆಟ್ ಲೆಕ್ಕ ಸರಳ. 720ಪಿಗೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15 ಬೇಕೆಂದು ಕಂಪನಿಯೇ ಹೇಳುತ್ತದೆ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಹೋಗಬಹುದು. ಫೈಬರ್ ಇರುವ ಮನೆಗೆ ಇದು ಚಿಂತೆಯಲ್ಲ, ಮೊಬೈಲ್ ಡೇಟಾದಲ್ಲಿ ಮಾತ್ರ ದಿನದ ಕೋಟಾ ಒಂದೇ ಕಂತಿಗೆ ಮುಗಿದೀತು. ಊರಿಗೆ ಹೋಗುವಾಗ ನೋಡುವವರು ಡೌನ್‌ಲೋಡ್ ಮಾಡಿಕೊಳ್ಳಲೇಬೇಕು. ಮತ್ಸ್ಯಗಂಧದಲ್ಲಿ ಕೂತರೆ ಕೊಂಕಣ ರೈಲಿನ ಸುರಂಗ ಒಂದಾದ ಮೇಲೊಂದು, ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗವೇ 6.5 ಕಿಲೋಮೀಟರ್. ಪುಣೆ ಕಡೆಗಾದರೆ ಕರ್ಜತ್‌ನಿಂದ ಲೋಣಾವಳವರೆಗೆ ಘಾಟ್ ಸುರಂಗಗಳು. ಡೌನ್‌ಲೋಡ್ ಆದ ಕಂತುಗಳಲ್ಲಿ ಕೆಲವು ಒಮ್ಮೆ ಪ್ಲೇ ಒತ್ತಿದ ಮೇಲೆ 48 ಗಂಟೆಗೆ ಮುಗಿಯುತ್ತವೆ, ಹಾಗಾಗಿ ಮನೆಯಲ್ಲಿ ಬರುತ್ತದೋ ಇಲ್ಲವೋ ಎಂದು ಒತ್ತಿ ನೋಡುವುದು ಬೇಡ. ಸ್ಟ್ಯಾಂಡರ್ಡ್‌ನಲ್ಲಿ ಡೌನ್‌ಲೋಡ್ ಎರಡೇ ಸಾಧನಕ್ಕೆ.

ಊರಿನ ಮಾತು ಬಂದಿದ್ದರಿಂದ ಇನ್ನೊಂದು. ಅಕೌಂಟ್ ಮುಂಬೈಯಲ್ಲಿ, ನೋಡುವ ಅಪ್ಪ-ಅಮ್ಮ ಹುಬ್ಬಳ್ಳಿಯಲ್ಲಿ ಎಂಬ ಏರ್ಪಾಡು 2023ರ ಜುಲೈನಿಂದ ಭಾರತದಲ್ಲಿ ನಡೆಯುವುದಿಲ್ಲ. ಒಂದು ಅಕೌಂಟ್ ಒಂದು ಮನೆಗೆ. ಪ್ರಯಾಣದಲ್ಲಿ ನೋಡಬಹುದು, ಎರಡು ಊರಿನ ಎರಡು ಟಿವಿಗಳಲ್ಲಿ ಖಾಯಂ ಆಗಿ ನೋಡುವಂತಿಲ್ಲ. ಪ್ರೀಮಿಯಂನ ನಾಲ್ಕು ಪರದೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡು ತಲಾ 162 ರೂಪಾಯಿ ಹಾಕುವ ಹಳೆಯ ಗಣಿತವೂ ಇದರೊಂದಿಗೆ ಹೋಯಿತು. ಹಾಗೆಯೇ, ಕನ್ನಡ ಸಂಘದ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇಟ್ಟು ಸದಸ್ಯರಿಗೆ ತೋರಿಸುವ ಯೋಚನೆ ಇದ್ದರೆ, ಸ್ವಂತ ಬಳಕೆಯ ಚಂದಾ ಅದಕ್ಕೆ ಆಗುವುದಿಲ್ಲ. ಪ್ರದರ್ಶನದ ಹಕ್ಕನ್ನು ವಿತರಕರಿಂದ ಪಡೆಯಬೇಕು. ಹಾಗಿದ್ದೂ ಪ್ರಯತ್ನಿಸಿದವರಿಗೆ ಹಳೆಯ ವಿಜಿಎ ಪ್ರೊಜೆಕ್ಟರ್‌ನಲ್ಲಿ ಕಪ್ಪು ಪರದೆಯಷ್ಟೇ ಸಿಗುವುದು, ಕಾರಣ ನಕಲು ತಡೆಯುವ ಎಚ್‌ಡಿಸಿಪಿ ವ್ಯವಸ್ಥೆ ಆ ತಂತಿಯಲ್ಲಿ ಕೆಲಸ ಮಾಡದು.

ಇನ್ನು ಕಾಣೆಯಾದ ಅರ್ಧ. ಒರಿಜಿನಲ್ ಎಂಬ ಮುದ್ರೆ ಇರುವ ಸರಣಿಗಳು ಬಹುಮಟ್ಟಿಗೆ ಕದಲುವುದಿಲ್ಲ, ಮಿಕ್ಕವು ಲೈಸೆನ್ಸ್ ಅವಧಿ ಮುಗಿದ ಕೂಡಲೇ ಹೊರಟುಹೋಗುತ್ತವೆ. 'ಹೆರೆಡಿಟರಿ', 'ನೈವ್ಸ್ ಔಟ್', 'ಲಿಟಲ್ ಮಿಸ್ ಸನ್‌ಶೈನ್' ಇವೆಲ್ಲ ಇಂದು ಒಂದು ಆ್ಯಪ್, ನಾಳೆ ಇನ್ನೊಂದು. ಅವುಗಳ ಹಿಂದೆ ಚಂದಾ ಬದಲಿಸುತ್ತ ಓಡುವ ಬದಲು ಬಿಡಿ ಬಾಡಿಗೆಯೇ ಅಗ್ಗ. ಆ್ಯಪಲ್ ಟಿವಿ, ಯೂಟ್ಯೂಬ್, ಪ್ರೈಂ ವಿಡಿಯೊ ಮೂರರಲ್ಲೂ ಬಾಡಿಗೆಯ ನಿಯಮ ಹೆಚ್ಚುಕಡಿಮೆ ಒಂದೇ: ಹಣ ಕೊಟ್ಟ ಮೇಲೆ ಶುರು ಮಾಡಲು 30 ದಿನ, ಶುರು ಮಾಡಿದ ಮೇಲೆ ಮುಗಿಸಲು 48 ಗಂಟೆ. ಶುಕ್ರವಾರ ರಾತ್ರಿ ಶುರು ಮಾಡಿದರೆ ಭಾನುವಾರ ರಾತ್ರಿಯೊಳಗೆ ಎರಡನೇ ಸಲವೂ ನೋಡಬಹುದು, ಕೊಲೆಟ್ ಸಿನಿಮಾಗಳಿಗೆ ಎರಡನೇ ಸಲ ಬೇಕೇಬೇಕು.

ಮೊದಲ ಬಾಡಿಗೆ 'ಮ್ಯೂರಿಯಲ್ಸ್ ವೆಡ್ಡಿಂಗ್'ಗೆ. ಪಿ.ಜೆ. ಹೋಗನ್ ನಿರ್ದೇಶನ. ಪಾರ್ಪಸ್ ಸ್ಪಿಟ್ ಎಂಬ ಕಲ್ಪಿತ ಕಡಲೂರಿನಲ್ಲಿ ಸ್ವೀಡನ್ನಿನ ಅಬ್ಬಾ ತಂಡದ ಹಾಡು ಕೇಳುತ್ತಾ ಮದುವೆಯ ಕನಸು ಕಾಣುವ ಹುಡುಗಿ. ಪಾತ್ರಕ್ಕಾಗಿ ಕೊಲೆಟ್ ಏಳು ವಾರದಲ್ಲಿ 18 ಕಿಲೊ ತೂಕ ಏರಿಸಿಕೊಂಡದ್ದು ಎಲ್ಲರೂ ಹೇಳುವ ಸಂಗತಿ. ನಾವು ನೋಡಬೇಕಾದದ್ದು ತೂಕವನ್ನಲ್ಲ, ಆ ನಗುವನ್ನು. ಹಲ್ಲೆಲ್ಲ ಕಾಣುವ, ಎದುರಿನವರ ಮುಖ ನೋಡಿ ತಿದ್ದಿಕೊಳ್ಳುವ, ಬೈಸಿಕೊಂಡರೂ ತಕ್ಷಣ ಆರದ ನಗು. ರೇಚಲ್ ಗ್ರಿಫಿತ್ಸ್ ಜೊತೆ 'ವಾಟರ್‌ಲೂ' ಹಾಡಿಗೆ ತುಟಿಯಾಡಿಸಿ ಕುಣಿಯುವಾಗ ಮೊದಲ ಬಾರಿಗೆ ಅದು ಬೇರೆಯವರಿಗಾಗಿ ಅಲ್ಲದ ನಗುವಾಗುತ್ತದೆ. ಇಬ್ಬರಿಗೂ ಎಎಫ್‌ಐ ಬಂತು. ಇದನ್ನು ಹಾಸ್ಯಚಿತ್ರ ಎಂದು ಮನೆಮಂದಿಗೆಲ್ಲ ಹಾಕುವವರು ತಿಳಿದಿರಲಿ, ತಾಯಿಯ ಕಥೆ ಕೊನೆಯಲ್ಲಿ ಎದೆಗೆ ಒದೆಯುತ್ತದೆ.

ಆಮೇಲೆ 2003ರ 'ಜಪನೀಸ್ ಸ್ಟೋರಿ'. ಸೂ ಬ್ರೂಕ್ಸ್ ನಿರ್ದೇಶನ, ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಎಂಬ ಕೆಂಪು ಮಣ್ಣಿನ ಬಯಲು. ಕೊಲೆಟ್ ಭೂವಿಜ್ಞಾನಿ, ಜಪಾನಿನ ಉದ್ಯಮಿಯೊಬ್ಬನನ್ನು ಗಾಡಿಯಲ್ಲಿ ಸುತ್ತಾಡಿಸುವ ಕೆಲಸ ಗಂಟುಬಿದ್ದಿದೆ. ಅರ್ಧಕ್ಕಿಂತ ಮುಂದೆ ಕಥೆ ಒಮ್ಮೆಲೇ ದಿಕ್ಕು ತಪ್ಪುತ್ತದೆ. ಅಲ್ಲಿಂದ ಆಕೆ ಒಬ್ಬಳೇ, ಮಾತಿಲ್ಲದೆ, ಮೈಬಲದಿಂದ ಮಾಡುವ ಒಂದು ಕೆಲಸವಿದೆ. ಏನೆಂದು ಹೇಳುವುದಿಲ್ಲ. ಇಡೀ ವೃತ್ತಿಜೀವನದಲ್ಲಿ ಇದಕ್ಕಿಂತ ಒಳ್ಳೆಯ ಹತ್ತು ನಿಮಿಷ ನಮಗೆ ಕಾಣುವುದಿಲ್ಲ. ಇದಕ್ಕೂ ಎಎಫ್‌ಐ ಬಂತು. ಉಳಿದ ಮೂರು ಪೋಷಕ ಪಾತ್ರಗಳಿಗೆ: 'ಲಿಲಿಯನ್ಸ್ ಸ್ಟೋರಿ', 'ದಿ ಬಾಯ್ಸ್', 'ದಿ ಬ್ಲ್ಯಾಕ್ ಬಲೂನ್'. ಕೊನೆಯದರಲ್ಲಿ ಆಟಿಸಂ ಇರುವ ಮಗನ ಬಸುರಿ ತಾಯಿ. ದನಿ ಮಾತ್ರ ಸಾಕೆನ್ನುವವರಿಗೆ ಆ್ಯಡಂ ಎಲಿಯಟ್ ಅವರ ಮಣ್ಣಿನ ಗೊಂಬೆಗಳ 'ಮೇರಿ ಅಂಡ್ ಮ್ಯಾಕ್ಸ್' ಇದೆ.

ಇಂಥವು ಬಾಡಿಗೆಗೂ ಸಿಗದಿದ್ದಾಗ ಮೆಲ್ಬರ್ನ್‌ನಲ್ಲಿರುವ ಸೋದರಳಿಯನಿಗೆ ಡಿಸ್ಕ್ ತರಲು ಹೇಳುವುದು ನಮ್ಮಲ್ಲಿ ವಾಡಿಕೆ. ಹೇಳುವ ಮೊದಲು ರೀಜನ್, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆಂಬ ಗುರುತು, ನೋಡಿ. ಆಸ್ಟ್ರೇಲಿಯಾದ ಡಿವಿಡಿ ರೀಜನ್ 4, ಭಾರತದ್ದು 5. ಬ್ಲೂರೇಯಲ್ಲಿ ಅವರದು ಬಿ, ನಮ್ಮದು ಸಿ. ಇಲ್ಲಿ ಕೊಂಡ ಪ್ಲೇಯರ್ ಆ ಡಿಸ್ಕನ್ನು ಹೊರಗೆ ಉಗುಳಬಹುದು. ರೀಜನ್ ಮಿತಿಯಿಲ್ಲದ ಪ್ಲೇಯರ್ ಇದ್ದರೆ ಅಥವಾ ಡಿಸ್ಕಿನ ಮೇಲೆ ಎಲ್ಲ ರೀಜನ್ ಎಂದಿದ್ದರೆ ತೊಂದರೆಯಿಲ್ಲ. ಆಯ್ಕೆ ಇದ್ದಾಗ ಬ್ಲೂರೇಯನ್ನೇ ತರಿಸಿ. ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ ಸೆಕೆಂಡಿಗೆ 24 ಚಿತ್ರಗಳ ಸಿನಿಮಾ 25ಕ್ಕೆ ಓಡುವುದರಿಂದ ಶೇಕಡ 4ರಷ್ಟು ವೇಗವಾಗುತ್ತದೆ. ಶಬ್ದವನ್ನು ಸರಿಪಡಿಸದೆ ಬಿಟ್ಟ ಡಿಸ್ಕಿನಲ್ಲಿ ಅಬ್ಬಾ ಹಾಡುಗಳ ಶ್ರುತಿ ಅರ್ಧಸ್ವರದ ಹತ್ತಿರ ಏರಿರುತ್ತದೆ. ಮಾಟುಂಗಾದಲ್ಲಿ ತಂಬೂರಿ ಕೇಳಿ ಬೆಳೆದ ಕಿವಿಗಳಿಗೆ ಇದು ಮೊದಲ ಸಾಲಿಗೇ ಗೊತ್ತಾದೀತು.

'ಹೆರೆಡಿಟರಿ'ಗೆ ಪ್ರತ್ಯೇಕ ಸೂಚನೆ ಬೇಕು. ಆರಿ ಆಸ್ಟರ್ ಅವರ ಈ 2018ರ ಸಿನಿಮಾದಲ್ಲಿ ಕೊಲೆಟ್ ಪುಟಾಣಿ ಮನೆಗಳ ಮಾದರಿ ಕಟ್ಟುವ ಕಲಾವಿದೆ, ದುಃಖ ಮತ್ತು ಸಿಟ್ಟು ಒಂದೇ ಮುಖದಲ್ಲಿ ಜಗಳಕ್ಕೆ ನಿಂತಿರುವ ತಾಯಿ. ಗೋಥಂ ಪ್ರಶಸ್ತಿ ಬಂತು, ಆಸ್ಕರ್ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಹೆದರಿಕೆಯ ಸಿನಿಮಾಗಳನ್ನು ಅಕಾಡೆಮಿ ಹೀಗೆ ಬದಿಗಿಡುವುದು ಹೊಸದೇನಲ್ಲ. ತೊಂದರೆ ಏನೆಂದರೆ ಭಯದ ಸಂಗತಿಗಳು ಕತ್ತಲೆಯ ಮೂಲೆಗಳಲ್ಲಿವೆ. ಹಾಸಿಗೆಯ ಮೇಲಿರುವ ಮಗನ ಹಿಂದೆ, ಗೋಡೆಯ ಮೇಲ್ಮೂಲೆಯಲ್ಲಿ ಒಂದು ಆಕೃತಿ ಇದೆ. ಸಂಗೀತವೂ ಸುಳಿವು ಕೊಡುವುದಿಲ್ಲ, ಕ್ಯಾಮೆರಾವೂ ಹತ್ತಿರ ಹೋಗುವುದಿಲ್ಲ. ಸ್ಟ್ರೀಮಿಂಗ್‌ನಲ್ಲಿ ಡೇಟಾ ಉಳಿಸಲು ಮೊದಲು ಬಲಿಯಾಗುವುದೇ ಕತ್ತಲೆಯ ವಿವರ: ಬೂದುಬಣ್ಣದ ಮೆಟ್ಟಿಲುಗಳಂಥ ಪಟ್ಟೆಗಳು ಏಳುತ್ತವೆ, ಆಕೃತಿ ಅದರೊಳಗೆ ಕರಗುತ್ತದೆ. ರಾತ್ರಿ ನೋಡಿ, ಟ್ಯೂಬ್‌ಲೈಟ್ ಆರಿಸಿ, ಟಿವಿಯ ವಿವಿಡ್ ಮೋಡ್ ತೆಗೆಯಿರಿ, ಎಚ್‌ಡಿಗಿಂತ ಕೆಳಗಿನ ಬಾಡಿಗೆ ಬೇಡ. ಮಧ್ಯಾಹ್ನ ಕಿಟಕಿ ತೆರೆದಿಟ್ಟು ಫೋನಿನಲ್ಲಿ ನೋಡಿದವರು ಇದರಲ್ಲೇನಿದೆ ಎನ್ನುವುದರಲ್ಲಿ ಆಶ್ಚರ್ಯವಿಲ್ಲ, ಅವರಿಗೆ ಕಂಡಿರುವುದಿಲ್ಲ.

'ದಿ ಸಿಕ್ಸ್ತ್ ಸೆನ್ಸ್' ಕಥೆಯ ತಿರುವು ಗೊತ್ತಿದ್ದವರೂ ಕೊನೆಯ ಭಾಗದ ಕಾರಿನ ದೃಶ್ಯಕ್ಕಾಗಿ ಮತ್ತೆ ನೋಡಬಹುದು. ಮಾತು ಬಹುಪಾಲು ಹುಡುಗನದು. ಕೊಲೆಟ್ ಹೆಚ್ಚಾಗಿ ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಆಸ್ಕರ್ ನಾಮನಿರ್ದೇಶನ ತಂದದ್ದು ಆ ಕೇಳಿಸಿಕೊಳ್ಳುವಿಕೆಯೇ ಎಂದು ನಮ್ಮ ಖಚಿತ ಅಭಿಪ್ರಾಯ. 'ಅಬೌಟ್ ಎ ಬಾಯ್' ನೋಡಿದ ಮೇಲೆ 2024ರ 'ಜ್ಯೂರರ್ ನಂಬರ್ 2' ನೋಡಿ: ಮೊದಲನೆಯದರಲ್ಲಿ ಆಕೆಯ ಮಗನಾಗಿದ್ದ ಪುಟ್ಟ ಹುಡುಗ ನಿಕೊಲಸ್ ಹೋಲ್ಟ್, ಎರಡನೆಯದರಲ್ಲಿ ಜ್ಯೂರಿ ಪೆಟ್ಟಿಗೆಯಲ್ಲಿ ಕೂತಿದ್ದಾರೆ, ಕೊಲೆಟ್ ಸರ್ಕಾರಿ ವಕೀಲೆ. ಪ್ರೈಂ ಚಂದಾ ಈಗಾಗಲೇ ಇದ್ದವರಿಗೆ 'ದಿ ಪವರ್' ಉಚಿತ, ಒಂಬತ್ತು ಕಂತು, ಸಿಯಾಟಲ್‌ನ ಮೇಯರ್ ಪಾತ್ರ. ಅದಕ್ಕೆಂದೇ ಪ್ರೈಂ ಹಾಕಿಸಬೇಕಿಲ್ಲ.

ನಿಜವಾದ ಕೊರತೆ 'ಯುನೈಟೆಡ್ ಸ್ಟೇಟ್ಸ್ ಆಫ್ ಟಾರಾ'. ಮೂರು ಸೀಸನ್, 36 ಕಂತು. ಒಂದೇ ಗೃಹಿಣಿಯೊಳಗೆ ಹಲವು ವ್ಯಕ್ತಿತ್ವ: ಹದಿಹರೆಯದ ಟಿ, 1950ರ ಶೈಲಿಯ ಆ್ಯಲಿಸ್, ಬಿಯರ್ ಕುಡಿಯುವ ಗಂಡಸು ಬಕ್. ವೇಷ ಬದಲಾಗುವ ಮುನ್ನವೇ, ಭುಜ ಕೂರುವ ರೀತಿಯಲ್ಲೇ ಯಾರು ಬಂದರೆಂದು ತಿಳಿಯುತ್ತದೆ. ಕೊಲೆಟ್ ಅವರ ಅಭಿನಯದಿಂದ ಕಲಿಯಬೇಕೆನ್ನುವ ರಂಗಭೂಮಿಯ ಹುಡುಗ-ಹುಡುಗಿಯರಿಗೆ ಇದೇ ಪಠ್ಯ. ಸಿಕ್ಕಲ್ಲಿ ಮೊದಲ ಸೀಸನ್ ಕೊಂಡಿಟ್ಟುಕೊಳ್ಳಿ.

ದೊಡ್ಡ ಪರದೆಯ ಆಸೆ ಇದ್ದವರು ಪಣಜಿಯತ್ತ ಕಣ್ಣಿಡಬೇಕು. ಅಲ್ಲಿ ನಡೆಯುವ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫಿಯಲ್ಲಿ 2024ರಲ್ಲಿ ಆಸ್ಟ್ರೇಲಿಯಾವೇ ಕೇಂದ್ರ ದೇಶವಾಗಿತ್ತು, ನಿರ್ದೇಶಕ ಫಿಲಿಪ್ ನಾಯ್ಸ್ ಅವರಿಗೆ ಸತ್ಯಜಿತ್ ರೇ ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟರು. ಪ್ರತಿನಿಧಿ ನೋಂದಣಿ ಇದ್ದರೆ ಮುಂಬೈನಿಂದ ಒಂದು ರಾತ್ರಿಯ ಬಸ್ಸು.

ತಿಂಗಳ ಹಂಚಿಕೆ ಹೀಗಿಟ್ಟುಕೊಂಡರೆ ಸಲೀಸು. ಚಂದಾ ಶುರುವಾಗುವುದಕ್ಕೆ ಮುಂಚಿನ ವಾರಾಂತ್ಯದಲ್ಲೇ 'ಮ್ಯೂರಿಯಲ್' ಬಾಡಿಗೆಗೆ ತಂದು ನೋಡಿ. ನಂತರ ನೆಟ್‌ಫ್ಲಿಕ್ಸ್ ಹಾಕಿ 'ಅನ್‌ಬಿಲೀವಬಲ್' ದಿನಕ್ಕೊಂದು ಕಂತು, ಒಂದೇ ಸಲ ಎರಡು ಬೇಡ, ವಿಷಯ ಭಾರ. ನಡುವೆ ಬಾಡಿಗೆಯ 'ಜಪನೀಸ್ ಸ್ಟೋರಿ' ಅಥವಾ 'ಲಿಟಲ್ ಮಿಸ್ ಸನ್‌ಶೈನ್', ಆಮೇಲೆ ಕಾಫ್‌ಮನ್ ಸಿನಿಮಾ, ಕೊನೆಗೆ 'ವೇವರ್ಡ್'. ಚಂದಾ ಹಾಕಿದ ದಿನವೇ ರದ್ದು ಒತ್ತಿಟ್ಟರೂ ಕಟ್ಟಿದ ತಿಂಗಳು ಪೂರ್ತಿ ನೋಡಬಹುದು. ಇಲ್ಲದಿದ್ದರೆ ಯುಪಿಐ ಆಟೊಪೇ ಸದ್ದಿಲ್ಲದೆ ಮುಂದಿನ 499 ಎತ್ತಿಕೊಳ್ಳುತ್ತದೆ. ರದ್ದಾದ ಮೇಲೂ ಪ್ರೊಫೈಲ್ ಮತ್ತು ನೋಡಿದ ಪಟ್ಟಿ ಹಲವು ತಿಂಗಳು ಉಳಿದಿರುತ್ತದೆ, ಆಕೆಯ ಮುಂದಿನ ಸರಣಿ ಬಂದಾಗ ಅದೇ ಇಮೇಲ್‌ನಿಂದ ಮತ್ತೆ ಒಂದು ತಿಂಗಳು ಹಾಕಿಸಿದರಾಯಿತು.